ಪಿಕಪ್‌ನ ಮುಂದಿನ ಆರ್ಮ್ ಬುಷ್ ಬದಲಿಸುವುದು ಹೇಗೆ?

ಸಕಲೇಶಪುರದ ಕಡೆ ತೋಟದ ರಸ್ತೆಯಲ್ಲಿ ಪಿಕಪ್ ಓಡಿಸುವವರಿಗೆ ಈ ಸದ್ದು ಚೆನ್ನಾಗಿ ಗೊತ್ತು. ಹಂಪ್ಸ್ ಇಳಿಯುವಾಗ ಮುಂದಿನಿಂದ 'ಕಟ್' ಅಂತ ಒಂದು ಏಟು. ಮೊದಮೊದಲು ಬೆಳಿಗ್ಗೆ ಮಾತ್ರ. ಆಮೇಲೆ ಪ್ರತಿ ಗುಂಡಿಗೂ. ಅಷ್ಟು ಹೊತ್ತಿಗೆ ಸ್ಟೇರಿಂಗ್ ಸಡಿಲ ಅನಿಸುತ್ತದೆ. ಜೋರಾಗಿ ಬ್ರೇಕ್ ಹಿಡಿದರೆ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಟೈರಿನ ಒಂದು ಅಂಚು ಬೇಗ ಸವೆಯುತ್ತದೆ. ಬಹಳ ಸಲ ಇದಕ್ಕೆ ಕಾರಣ ಆರ್ಮ್‌ನ ಬುಷ್. ಆರ್ಮ್ ಅಂದರೆ ಚಕ್ರವನ್ನು ಚಾಸಿಗೆ ಸೇರಿಸುವ ಕಬ್ಬಿಣದ ತೋಳು, ಅದು ಚಾಸಿಗೆ ಸೇರುವ ಕಡೆಯ ರಬ್ಬರ್ ಕೀಲೇ ಬುಷ್.

ಕೆಲವು ವರ್ಷದ ಹಿಂದೆ ನಮ್ಮ ಪಿಕಪ್‌ಗೆ ಇದೇ ಸದ್ದು ಬಂದಾಗ ಗ್ಯಾರೇಜಿನಲ್ಲಿ ಕೆಳಗಿನ ಆರ್ಮ್‌ನ ಬುಷ್ ಹಾಕಿಸಿದೆ. ನಾಲ್ಕೇ ತಿಂಗಳಿಗೆ ಸದ್ದು ವಾಪಸ್ ಬಂತು. ಬಿಚ್ಚಿ ನೋಡಿದರೆ ರಬ್ಬರ್ ಇನ್ನೂ ಹೊಸದರಂತೆ ಕಪ್ಪಗೆ ಹೊಳೆಯುತ್ತಿತ್ತು, ಆದರೆ ಒಳಗಿನ ಕೊಳವೆಯ ಸುತ್ತ ಹರಿದು ಬಿಟ್ಟುಕೊಂಡಿತ್ತು. ಬುಷ್‌ನಲ್ಲಿ ದೋಷ ಇರಲಿಲ್ಲ. ಚಕ್ರ ಗಾಳಿಯಲ್ಲಿ ನೇತಾಡುತ್ತಿದ್ದಾಗಲೇ ಬೋಲ್ಟ್‌ಗೆ ಪೂರ್ತಿ ಬಿಗಿ ಕೊಟ್ಟಿದ್ದರು. ಆವತ್ತಿನಿಂದ ಈ ಕೆಲಸ ನಾನೇ ಮಾಡಿಕೊಳ್ಳುತ್ತೇನೆ. ಈ ಲೇಖನ ಓದಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಆ ಕೊನೆಯ ಬಿಗಿಯ ವಿಷಯ ಇಟ್ಟುಕೊಳ್ಳಿ.

ಬುಷ್ ಕೆಲಸ ಮಾಡುವ ರೀತಿ

ಹೊರಗೊಂದು ಕಬ್ಬಿಣದ ಬಳೆ, ಒಳಗೊಂದು ಕಬ್ಬಿಣದ ಕೊಳವೆ, ನಡುವೆ ರಬ್ಬರ್. ರಬ್ಬರ್ ಎರಡಕ್ಕೂ ಅಂಟಿಕೊಂಡಿರುತ್ತದೆ. ಹೊರಗಿನ ಬಳೆ ಆರ್ಮ್‌ನ ತೂತಿನಲ್ಲಿ, ಅಂದರೆ ಕಣ್ಣಿನಲ್ಲಿ, ಗಟ್ಟಿಯಾಗಿ ಕೂತಿರುತ್ತದೆ. ಒಳಗಿನ ಕೊಳವೆಯ ಮೂಲಕ ಉದ್ದದ ಬೋಲ್ಟ್ ಹೋಗುತ್ತದೆ. ಬಿಗಿ ಮಾಡಿದಾಗ ಚಾಸಿಯ ಎರಡು ಕಿವಿಗಳು ಆ ಕೊಳವೆಯನ್ನು ಅದುಮಿ ಹಿಡಿಯುತ್ತವೆ. ಆಮೇಲೆ ಕೊಳವೆ ಅಲ್ಲಾಡುವ ಹಾಗಿಲ್ಲ.

ಹಾಗಾದರೆ ಆರ್ಮ್ ಮೇಲೆ ಕೆಳಗೆ ಆಡುವುದು ಹೇಗೆ? ರಬ್ಬರ್ ತಿರುಚಿಕೊಳ್ಳುತ್ತದೆ, ಅಷ್ಟೇ. ಒದ್ದೆ ಟವೆಲ್ ಹಿಂಡುವಾಗ ಆಗುತ್ತದಲ್ಲ, ಹಾಗೆ. ಗುಂಡಿ ದಾಟಿದ ಮೇಲೆ ಮತ್ತೆ ತನ್ನ ಜಾಗಕ್ಕೆ ಬರುತ್ತದೆ. ಬೋಲ್ಟ್ ಬಿಗಿ ಮಾಡುವ ಹೊತ್ತಿಗೆ ಆರ್ಮ್ ಎಲ್ಲಿತ್ತೋ ಅದೇ ಆ ರಬ್ಬರಿನ ಆರಾಮದ ಜಾಗ. ಚಕ್ರ ನೇತಾಡುವಾಗ ಬಿಗಿ ಮಾಡಿದರೆ, ಗಾಡಿ ನೆಲಕ್ಕೆ ಇಳಿದ ಕೂಡಲೇ ರಬ್ಬರ್ ಹಿಂಡಿಕೊಳ್ಳುತ್ತದೆ. ಗಾಡಿ ಸುಮ್ನೆ ಶೆಡ್‌ನಲ್ಲಿ ನಿಂತಿದ್ದರೂ ಹಿಂಡಿಕೊಂಡೇ ಇರುತ್ತದೆ. ಅದರ ಮೇಲೆ ಗುಂಡಿ ಸಿಕ್ಕರೆ ಇನ್ನೂ ತಿರುಚಬೇಕು. ಹಾಗಾಗಿ ಬೇಗ ಹರಿಯುತ್ತದೆ.

ಯಾವ ಗಾಡಿಗೆ ಈ ಲೇಖನ

ಮುಂದೆ ಮೇಲೊಂದು ಆರ್ಮ್, ಕೆಳಗೊಂದು ಆರ್ಮ್, ನಡುವೆ ಶಾಕ್ ಅಬ್ಸಾರ್ಬರ್ ಮೇಲೆಯೇ ಕಾಯಿಲ್ ಸ್ಪ್ರಿಂಗ್ ಕೂತಿರುವ ಪಿಕಪ್‌ಗಳಿಗೆ ಇದು. ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್, ಟೊಯೊಟಾ ಹೈಲಕ್ಸ್ ಎರಡೂ ಈ ಜಾತಿಯವು. ಇದರಲ್ಲಿ ಸ್ಪ್ರಿಂಗ್‌ನ ಒತ್ತಡವನ್ನು ಶಾಕ್‌ನ ತಲೆಯಲ್ಲಿರುವ ನಟ್ ಹಿಡಿದಿಟ್ಟುಕೊಂಡಿರುತ್ತದೆ. ಶಾಕ್ ಸಮೇತ ಹೊರಗೆ ತೆಗೆದರೂ ಸ್ಪ್ರಿಂಗ್ ಹಾರುವುದಿಲ್ಲ. ಆ ತಲೆಯ ನಡುವಿನ ನಟ್‌ಗೆ ಮಾತ್ರ ಯಾವ ಕಾರಣಕ್ಕೂ ಪಾನ ಹಾಕಬೇಡಿ.

ಕೆಲವು ಗಾಡಿಗಳಲ್ಲಿ ಸ್ಪ್ರಿಂಗ್ ಶಾಕ್‌ನಿಂದ ಬೇರೆಯಾಗಿ, ಆರ್ಮ್ ಮತ್ತು ಚಾಸಿ ನಡುವೆ ನೇರವಾಗಿ ಕೂತಿರುತ್ತದೆ. ಅಲ್ಲಿ ಆರ್ಮ್ ಬಿಚ್ಚಿದರೆ ಸ್ಪ್ರಿಂಗ್ ಸಿಡಿದು ಬರುತ್ತದೆ. ಪ್ರಾಣ ಹೋಗುವಷ್ಟು ಜೋರಿರುತ್ತದೆ ಅದಕ್ಕೆ. ಸ್ಪ್ರಿಂಗ್ ಕಂಪ್ರೆಸರ್ ಮತ್ತು ಅನುಭವ ಎರಡೂ ಇಲ್ಲದಿದ್ದರೆ ಆ ಕೆಲಸ ಮೆಕ್ಯಾನಿಕ್‌ಗೆ ಬಿಡಿ. ಕಾಯಿಲ್ ಸ್ಪ್ರಿಂಗ್ ಬದಲು ತಿರುಚಿಕೊಳ್ಳುವ ಸರಳು, ಅಂದರೆ ಟಾರ್ಶನ್ ಬಾರ್ ಇರುವ ಗಾಡಿಯಲ್ಲಿ ಮೊದಲು ಅದರ ಅಡ್ಜಸ್ಟರ್ ಬೋಲ್ಟ್ ಸಡಿಲಿಸಿ ಒತ್ತಡ ಇಳಿಸಬೇಕು. ಎಷ್ಟು ಸುತ್ತು ತಿರುಗಿಸಿದಿರಿ ಅಂತ ಎಣಿಸಿ ಬರೆದಿಡಿ.

ಮುಂದೆಯೂ ಪ್ಲೇಟ್, ಅಂದರೆ ಲೀಫ್ ಸ್ಪ್ರಿಂಗ್ ಇರುವ ಪಿಕಪ್‌ಗಳಲ್ಲಿ ಆರ್ಮ್ ಇರುವುದಿಲ್ಲ. ಬುಷ್ ಇರುವುದು ಪ್ಲೇಟಿನ ಕಣ್ಣಿನಲ್ಲಿ ಮತ್ತು ಶ್ಯಾಕಲ್‌ನಲ್ಲಿ. ಕೆಲಸ ಬೇರೆ, ಆದರೆ ರಬ್ಬರ್ ಬುಷ್ ಆದರೆ ಕೊನೆಯ ಬಿಗಿಯ ಮಾತು ಅಲ್ಲಿಗೂ ಅನ್ವಯಿಸುತ್ತದೆ.

ಬುಷ್ಷೇ ಹೋಗಿದೆ ಅಂತ ಗೊತ್ತು ಮಾಡಿಕೊಳ್ಳಿ

ಮುಂದಿನ ಸದ್ದಿಗೆಲ್ಲ ಬುಷ್ ಕಾರಣ ಅಲ್ಲ. ಗಾಡಿ ವಾಲದಂತೆ ತಡೆಯುವ ಸರಳಿನ ತುದಿಯ ಸಣ್ಣ ಕೊಂಡಿ, ಅಂದರೆ ಸ್ಟೆಬಿಲೈಜರ್ ಲಿಂಕ್ ಹೋದರೂ ಹೆಚ್ಚುಕಡಿಮೆ ಇದೇ ಸದ್ದು ಬರುತ್ತದೆ, ಅದನ್ನು ಬದಲಿಸುವುದು ಅರ್ಧ ಗಂಟೆಯ ಕೆಲಸ. ಅದಕ್ಕೇ ಮೊದಲು ಅದನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ.

ಆಮೇಲೆ ಕೆಳಗಿನ ಆರ್ಮ್‌ಗೆ ಬಾಲ್ ಜಾಯಿಂಟ್ (ಆರ್ಮ್ ಚಕ್ರದ ಕಡೆ ಸೇರುವ ಗುಂಡಿನ ಕೀಲು) ಹತ್ತಿರ ಜಾಕ್ ಕೊಟ್ಟು ಚಕ್ರ ಎತ್ತಿ, ಚಾಸಿಗೆ ಸ್ಟ್ಯಾಂಡ್ ಕೊಡಿ. ಟೈರನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಆಟ ಇದ್ದರೆ ಬೇರಿಂಗ್ ಅಥವಾ ಬಾಲ್ ಜಾಯಿಂಟ್. ಎಡ ಬಲ ಹಿಡಿದಾಗ ಮಾತ್ರ ಆಟ ಇದ್ದರೆ ಸ್ಟೇರಿಂಗ್‌ನಿಂದ ಚಕ್ರಕ್ಕೆ ಹೋಗುವ ಸರಳು, ಅಂದರೆ ಟೈ ರಾಡ್ ಕಡೆ ನೋಡಿ. ಟೈರಿನ ಕೆಳಗೆ ಹಾರೆ ಕೊಟ್ಟು ಮೇಲಕ್ಕೆ ಮೀಟಿದಾಗ ಬಾಲ್ ಜಾಯಿಂಟ್ 'ಟಕ್' ಅಂದರೆ ಅದೂ ಹೋಗಿದೆ ಅಂತ ಲೆಕ್ಕ.

ಬುಷ್ ನೋಡಲು ಚಕ್ರ ನೆಲದ ಮೇಲಿರಲಿ. ಟಾರ್ಚ್ ಹಿಡಿದು ಮಣ್ಣು ಕೆರೆದು, ವೈರ್ ಬ್ರಷ್‌ನಿಂದ ಉಜ್ಜಿ. ರಬ್ಬರ್ ಮೇಲೆ ಕೂದಲೆಳೆಯಷ್ಟು ಸಣ್ಣ ಬಿರುಕುಗಳು ವಯಸ್ಸಾದ ಬುಷ್‌ಗೆಲ್ಲ ಇರುತ್ತವೆ. ಅಷ್ಟಕ್ಕೇ ಬದಲಿಸಬೇಕಿಲ್ಲ. ನೋಡಬೇಕಾದ್ದು ಮೂರು. ಒಳಗಿನ ಕೊಳವೆ ಬಳೆಯ ನಡುವೆ ಇರಬೇಕಾದ್ದು ಒಂದು ಪಕ್ಕಕ್ಕೆ ವಾಲಿದೆಯಾ? ರಬ್ಬರ್ ಕೊಳವೆಯನ್ನು ಬಿಟ್ಟು ಸಂದು ಕಾಣುತ್ತಿದೆಯಾ? ಸುತ್ತ ಕಪ್ಪು ಹುಡಿ, ಅಥವಾ ಲೋಹಕ್ಕೆ ಲೋಹ ಉಜ್ಜಿ ಹೊಳಪಾದ ಗುರುತು ಇದೆಯಾ? ಆರ್ಮ್ ಮತ್ತು ಚಾಸಿಯ ಕಿವಿ ನಡುವೆ ಹಾರೆ ಕೊಟ್ಟು ಮೆಲ್ಲಗೆ ಮೀಟಿ. ಒಳ್ಳೆ ಬುಷ್ ಸ್ವಲ್ಪ ಮಣಿದು ವಾಪಸ್ ತಳ್ಳುತ್ತದೆ. ಹೋದ ಬುಷ್‌ನಲ್ಲಿ ಆರ್ಮ್ ತಡೆಯಿಲ್ಲದೆ ಸರಿದು 'ಟಣ್' ಅನ್ನುತ್ತದೆ.

ಒಂದು ಪಕ್ಕ ಹೋಗಿದ್ದರೂ ಎರಡೂ ಪಕ್ಕ ಬದಲಿಸಿ. ಎರಡೂ ಓಡಿರುವುದು ಒಂದೇ ರಸ್ತೆಯಲ್ಲಿ ಅಲ್ವಾ.

ಸಾಮಾನು ತರುವ ಮುಂಚೆ

ಬುಷ್ ಮಾತ್ರ ತರುವುದಾ, ಬುಷ್ ಸಮೇತ ಪೂರ್ತಿ ಆರ್ಮ್ ತರುವುದಾ? ಬಾಲ್ ಜಾಯಿಂಟ್ ಕೂಡ ಹೋಗಿದ್ದರೆ, ಅಥವಾ ಆರ್ಮ್ ಬಗ್ಗಿದ್ದರೆ, ಪೂರ್ತಿ ಆರ್ಮ್ ತನ್ನಿ. ಬೆಲೆ ಜಾಸ್ತಿ ನಿಜ, ಆದರೆ ಪ್ರೆಸ್ ಕೆಲಸ ಉಳಿಯುತ್ತದೆ. ಬುಷ್ ಮಾತ್ರ ಸಾಕು ಅಂದರೆ ಅದನ್ನು ಹಾಕಲು ಹೈಡ್ರಾಲಿಕ್ ಪ್ರೆಸ್ ಬೇಕು. ನಿಮ್ಮೂರ ಲೇತ್ ಅಂಗಡಿಯಲ್ಲಿ ಇದ್ದೇ ಇರುತ್ತದೆ. ನಾನು ಆರ್ಮ್ ಬಿಚ್ಚಿ ಅಲ್ಲಿಗೆ ಒಯ್ದು, ಪಕ್ಕದಲ್ಲೇ ನಿಂತು ಹಾಕಿಸಿಕೊಂಡು ಬರುತ್ತೇನೆ.

ಪಾಲಿಯುರಿಥೇನ್ ಬುಷ್ ಹಾಕಿ, ಜಾಸ್ತಿ ಬಾಳಿಕೆ ಬರುತ್ತದೆ ಅಂತ ಕೆಲವರು ಹೇಳುತ್ತಾರೆ. ಅದು ರಬ್ಬರಿಗಿಂತ ಗಟ್ಟಿ. ಅದರಲ್ಲಿ ಕೊಳವೆ ಅಂಟಿರುವುದಿಲ್ಲ, ಒಳಗೆ ತಿರುಗುತ್ತದೆ. ಹಾಗಾಗಿ ಅದಕ್ಕೆ ಸರಿಯಾದ ಸಿಲಿಕೋನ್ ಗ್ರೀಸ್ ಬೇಕು, ಒಣಗಿದರೆ ಕಿರುಗುಟ್ಟುತ್ತದೆ. ನಮ್ಮ ಕಲ್ಲು, ಗುಂಡಿ, ಕೆಸರಿನ ರಸ್ತೆಯಲ್ಲಿ ಮೂಟೆ ಹೊರುವ ಗಾಡಿಗೆ ನನ್ನ ಆಯ್ಕೆ ಕಂಪನಿ ರಬ್ಬರ್ ಬುಷ್ಷೇ. ಏಟನ್ನು ಅದು ನುಂಗಿಕೊಳ್ಳುತ್ತದೆ, ಚಾಸಿಗೆ ದಾಟಿಸುವುದು ಕಡಿಮೆ.

ಬುಷ್ ಜೊತೆ ಕೆಳಗಿನ ಆರ್ಮ್‌ನ ಹೊಸ ಬೋಲ್ಟ್, ನಟ್, ಸ್ಪ್ಲಿಟ್ ಪಿನ್ ಕೂಡ ತನ್ನಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಕೆಲಸಕ್ಕೆ ಮಟ್ಟವಾದ, ಗಟ್ಟಿ ನೆಲ ಬೇಕು. ಕಾಫಿ ಒಣಗಿಸುವ ಸಿಮೆಂಟ್ ಕಣ ಇದ್ದರೆ ಅದಕ್ಕಿಂತ ಒಳ್ಳೆ ಜಾಗ ಇಲ್ಲ. ಕೊಯ್ಲು ಮುಗಿದು ಕಣ ಖಾಲಿಯಾಗಿರುವ ಏಪ್ರಿಲ್, ಮೇ ತಿಂಗಳಲ್ಲೇ ನಾನು ಇದನ್ನು ಮುಗಿಸುತ್ತೇನೆ. ಜೂನ್ ಮಳೆ ಹಿಡಿದ ಮೇಲೆ ಗಾಡಿಯ ಕೆಳಗೆ ಮಲಗುವುದು ಕಷ್ಟ. ಗಾಡಿಯ ತೂಕಕ್ಕೆ ತಕ್ಕ ಒಳ್ಳೆ ಜಾಕ್, ಎರಡು ಜಾಕ್ ಸ್ಟ್ಯಾಂಡ್, ಹಿಂದಿನ ಚಕ್ರ ಉರುಳದಂತೆ ಕೊಡಲು ಕಟ್ಟೆ, ಸಾಕೆಟ್ ಸೆಟ್, ಉದ್ದದ ಹಿಡಿ, ಎರಡು ಸುತ್ತಿಗೆ, ಟಾರ್ಕ್ ರೆಂಚ್ (ಎಷ್ಟು ಬಿಗಿ ಕೊಟ್ಟೆವು ಅಂತ ತಿಳಿಸುವ ಪಾನ), ಅಳತೆ ಟೇಪು, ಬಿಳಿ ಪೇಂಟ್ ಇಷ್ಟಿರಲಿ. ಬರೀ ಜಾಕ್ ನಂಬಿ, ಅಥವಾ ಸಿಮೆಂಟ್ ಇಟ್ಟಿಗೆ ಜೋಡಿಸಿ, ಯಾವತ್ತೂ ಗಾಡಿ ಕೆಳಗೆ ಹೋಗಬೇಡಿ. ಇಟ್ಟಿಗೆ ಮುನ್ಸೂಚನೆ ಕೊಡದೆ ಪುಡಿಯಾಗುತ್ತದೆ.

ಬಿಚ್ಚುವ ಮೊದಲು ಎರಡು ಗುರುತು

ಗಾಡಿ ಖಾಲಿ ಇರಲಿ, ನಾಲ್ಕೂ ಚಕ್ರ ನೆಲದ ಮೇಲಿರಲಿ. ಮುಂದಿನ ಚಕ್ರದ ನಡುಬಿಂದುವಿನಿಂದ ನೇರ ಮೇಲೆ ಮಡ್‌ಗಾರ್ಡ್ ಅಂಚಿನ ತನಕ ಟೇಪು ಹಿಡಿದು ಅಳೆಯಿರಿ. ಎರಡೂ ಪಕ್ಕ ಅಳೆದು, ಮಡ್‌ಗಾರ್ಡ್ ಒಳಗೇ ಚಾಕ್‌ಪೀಸ್‌ನಲ್ಲಿ ಬರೆದಿಡಿ. ಈ ಅಳತೆ ಕೊನೆಗೆ ಬೇಕು.

ಎರಡನೆಯದು, ಕೆಳಗಿನ ಆರ್ಮ್‌ನ ಬೋಲ್ಟ್‌ಗಳನ್ನು ನೋಡಿ. ತಲೆಯ ಹತ್ತಿರ ನಡು ತಪ್ಪಿದ ದುಂಡನೆ ಬಿಲ್ಲೆ, ಅದರ ಮೇಲೆ ಗೆರೆಗಳಿದ್ದರೆ ಅದು ಕ್ಯಾಮ್ ಬೋಲ್ಟ್. ಚಕ್ರ ನಿಲ್ಲುವ ಕೋನ, ಅಂದರೆ ಅಲೈನ್‌ಮೆಂಟ್ ನಿಂತಿರುವುದೇ ಅದರ ಮೇಲೆ. ಬಿಲ್ಲೆಯಿಂದ ಚಾಸಿಗೆ ಸೇರಿಸಿ ಪೇಂಟ್‌ನಲ್ಲಿ ಒಂದು ಗೆರೆ ಎಳೆಯಿರಿ, ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ. ಮುಂದಿನ ಬೋಲ್ಟ್ ಯಾವುದು, ಹಿಂದಿನದು ಯಾವುದು ಅಂತಲೂ ಗುರುತಿರಲಿ. ಹಿಂದಿನ ದಿನ ಸಂಜೆಯೇ ಎಲ್ಲ ಬೋಲ್ಟ್, ನಟ್‌ಗೆ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟರೆ ಮರುದಿನ ಅರ್ಧ ಕಷ್ಟ ತಪ್ಪುತ್ತದೆ.

ಬಿಚ್ಚುವುದು

ಹ್ಯಾಂಡ್‌ಬ್ರೇಕ್ ಎಳೆದು, ಗೇರ್‌ನಲ್ಲಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಕಟ್ಟೆ ಕೊಡಿ. ಚಕ್ರದ ನಟ್‌ಗಳನ್ನು ನೆಲದ ಮೇಲಿರುವಾಗಲೇ ಒಂದು ಸುತ್ತು ಸಡಿಲಿಸಿ. ಗಾಡಿ ಎತ್ತಿ, ಎರಡೂ ಪಕ್ಕ ಚಾಸಿಗೆ ಸ್ಟ್ಯಾಂಡ್ ಕೊಟ್ಟು, ಕೈಯಿಂದ ಜೋರಾಗಿ ಅಲ್ಲಾಡಿಸಿ ನೋಡಿ. ಕದಲುವುದಾದರೆ ನೀವು ಹೊರಗಿರುವಾಗಲೇ ಕದಲಲಿ. ಆಮೇಲೆ ಚಕ್ರ ತೆಗೆಯಿರಿ. ಒಂದು ಪಕ್ಕ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗಿ. ಅನುಮಾನ ಬಂದರೆ ಬಿಚ್ಚದ ಪಕ್ಕವನ್ನು ನೋಡಬಹುದು.

ಎಬಿಎಸ್ ವೈರ್ ಮತ್ತು ಬ್ರೇಕ್ ಹೋಸ್ ಹಿಡಿದಿರುವ ಬ್ರ್ಯಾಕೆಟ್‌ಗಳನ್ನು ಮೊದಲು ಬಿಡಿಸಿ. ಬ್ರೇಕ್ ಕ್ಯಾಲಿಪರ್ ತೆಗೆಯಬೇಕಾಗಿ ಬಂದರೆ ತಂತಿಯಲ್ಲಿ ಮೇಲಕ್ಕೆ ಕಟ್ಟಿ. ಹೋಸ್‌ನಿಂದ ನೇತು ಬಿಡಬೇಡಿ, ಹೋಸ್ ಒಳಗಿಂದ ಹಾಳಾಗುತ್ತದೆ. ಸ್ಟೆಬಿಲೈಜರ್ ಲಿಂಕ್ ಬಿಡಿಸಿ. ಈಗ ಕೆಳಗಿನ ಆರ್ಮ್‌ಗೆ ಜಾಕ್ ಆನಿಸಿ ತೂಕ ಹಿಡಿದುಕೊಂಡು, ಶಾಕ್‌ನ ಕೆಳಗಿನ ಬೋಲ್ಟ್ ತೆಗೆಯಿರಿ.

ಬಾಲ್ ಜಾಯಿಂಟ್ ಬಿಡಿಸುವಾಗ ಸ್ಪ್ಲಿಟ್ ಪಿನ್ ಎಳೆದು, ನಟ್ ಮೂರು ನಾಲ್ಕು ಸುತ್ತು ಮಾತ್ರ ಸಡಿಲಿಸಿ. ಪೂರ್ತಿ ತೆಗೆದರೆ ಕಳಚುವಾಗ ಒಮ್ಮೆಲೇ ಬೀಳುತ್ತದೆ. ಜಾಯಿಂಟ್ ಕೂತಿರುವ ಕಣ್ಣಿನ ಒಂದು ಪಕ್ಕಕ್ಕೆ ಒಂದು ಸುತ್ತಿಗೆ ಆನಿಸಿ ಹಿಡಿದು, ಎದುರು ಪಕ್ಕಕ್ಕೆ ಇನ್ನೊಂದರಿಂದ ಜೋರಾಗಿ ಹೊಡೆಯಿರಿ. ಥ್ರೆಡ್ ಮೇಲೆ ಹೊಡೆಯಬೇಡಿ. ನಾಲ್ಕೈದು ಏಟಿಗೆ 'ಟಪ್' ಅಂತ ಬಿಡುತ್ತದೆ. ಫೋರ್ ವೀಲ್ ಡ್ರೈವ್ ಗಾಡಿಯಾದರೆ ಕೆಳಗಿನ ಜಾಯಿಂಟ್ ಬಿಟ್ಟ ಮೇಲೆ ಹಬ್ (ಚಕ್ರ ಕೂರುವ ಭಾಗ) ಹೊರಗೆ ವಾಲದಂತೆ ಹಗ್ಗದಲ್ಲಿ ಕಟ್ಟಿ. ಇಲ್ಲದಿದ್ದರೆ ಆಕ್ಸಲ್‌ನ ಸಿವಿ ಜಾಯಿಂಟ್ ಒಳಗೆ ಕಳಚಿಕೊಳ್ಳಬಹುದು.

ಇನ್ನು ಆರ್ಮ್‌ನ ಬೋಲ್ಟ್. ಮಲೆನಾಡಿನ ಗಾಡಿಗಳಲ್ಲಿ ಜಾಸ್ತಿ ಸಮಯ ತಿನ್ನುವುದೇ ಇದು. ಮಳೆಗಾಲ ಕಳೆದಂತೆ ನೀರು, ಕೆಸರು ಒಳಗೆ ಹೋಗಿ ಬೋಲ್ಟ್ ಮತ್ತು ಬುಷ್‌ನ ಕೊಳವೆ ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ನಟ್ ಸಲೀಸಾಗಿ ಬರುತ್ತದೆ, ಬೋಲ್ಟ್ ಬರುವುದಿಲ್ಲ. ಕ್ಯಾಮ್ ಬೋಲ್ಟ್ ಆದರೆ ಬಿಲ್ಲೆ ತಡೆಯುತ್ತದೆ, ಬಲವಂತವಾಗಿ ತಿರುಗಿಸಬೇಡಿ. ಸಾದಾ ಬೋಲ್ಟ್ ಆದರೆ ತಲೆಗೆ ಪಾನ ಹಾಕಿ ಸ್ವಲ್ಪ ತಿರುಗಿಸಿ, ರಬ್ಬರ್ ಕಡೆ ಕಣ್ಣಿಡಿ. ಬೋಲ್ಟ್ ಜೊತೆ ರಬ್ಬರೂ ತಿರುಚಿ, ಬಿಟ್ಟ ಕೂಡಲೇ ಪಾನ ವಾಪಸ್ ಬಂದರೆ ಕಚ್ಚಿಕೊಂಡಿದೆ ಅಂತ ಅರ್ಥ. ಎಣ್ಣೆ ಹೊಡೆದು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ನಟ್ಟನ್ನು ಥ್ರೆಡ್ ಉಳಿಯುವಂತೆ ತುದಿಗೆ ಸುತ್ತಿ, ಅದರ ಮೇಲೆ ಹಿತ್ತಾಳೆ ತುಂಡಿಟ್ಟು ಹೊಡೆಯಿರಿ.

ಆಗಲೂ ಬರದಿದ್ದರೆ ಬೆಂಕಿ ಕೊಡುವ ಆಸೆ ಬರುತ್ತದೆ. ಕೊಡಬೇಡಿ. ರಬ್ಬರ್ ಹತ್ತಿಕೊಂಡು ಕೆಟ್ಟ ಹೊಗೆ ಬರುತ್ತದೆ, ಪಕ್ಕದಲ್ಲೇ ಬ್ರೇಕ್ ಹೋಸ್ ಇರುತ್ತದೆ. ಅದರ ಬದಲು ಆರ್ಮ್ ಮತ್ತು ಕಿವಿಯ ನಡುವಿನ ಸಂದಿನಲ್ಲಿ ಬ್ಲೇಡ್ ಇಳಿಸಿ ಬೋಲ್ಟನ್ನೇ ಎರಡೂ ಕಡೆ ಕೊಯ್ಯಿರಿ. ಚಾಸಿಯ ಕಿವಿಗೆ ಗಾಯ ಆಗಬಾರದು. ಹೊಸ ಬೋಲ್ಟ್ ಮೊದಲೇ ತನ್ನಿ ಅಂದದ್ದು ಇದಕ್ಕೇ.

ಹಳೆಯದು ತೆಗೆದು ಹೊಸದು ಕೂರಿಸುವುದು

ಬುಷ್ ಒತ್ತಿ ತೆಗೆಯುವ ಮೊದಲು ಚೆನ್ನಾಗಿ ನೋಡಿ. ಕೆಲವು ಬುಷ್‌ಗಳ ರಬ್ಬರಿನಲ್ಲಿ ಅರ್ಧಚಂದ್ರದ ಹಾಗೆ ಖಾಲಿ ಜಾಗ ಇರುತ್ತದೆ. ಆ ದಿಕ್ಕಿಗೆ ಬುಷ್ ಮೃದು, ಇನ್ನೊಂದು ದಿಕ್ಕಿಗೆ ಗಟ್ಟಿ. ಬೇಕೆಂದೇ ಹಾಗೆ ಮಾಡಿರುತ್ತಾರೆ. ಹೊಸದನ್ನೂ ಅದೇ ದಿಕ್ಕಿಗೆ ಕೂರಿಸಬೇಕು. ಆರ್ಮ್ ಮೇಲೆ ಪೇಂಟ್ ಗುರುತು ಹಾಕಿ. ಬಳೆ ಆರ್ಮ್‌ನಿಂದ ಎಷ್ಟು ಹೊರಗಿದೆ ಅಂತಲೂ ಅಳೆದುಕೊಳ್ಳಿ.

ಪ್ರೆಸ್ ಮೇಲೆ ಆರ್ಮ್‌ನ ಕಣ್ಣಿನ ಕೆಳಗೆ, ಬಳೆ ದಾಟುವಷ್ಟು ಅಗಲದ ಪೈಪ್ ತುಂಡು ಇಡಿಸಿ. ಮೇಲಿಂದ ಒತ್ತುವ ತುಂಡು ಹೊರಬಳೆಯ ಅಂಚಿಗೆ ಸರಿಯಾಗಿ ಕೂರಬೇಕು. ರಬ್ಬರ್ ಅಥವಾ ಒಳಕೊಳವೆ ಮೇಲೆ ಒತ್ತಿದರೆ ಹೊಸ ಬುಷ್ ಅಲ್ಲೇ ಹರಿದುಹೋಗುತ್ತದೆ. ಹಳೆಯ ಬಳೆ ಬರಲೊಲ್ಲದು ಅಂದರೆ ಅದರ ಒಳಗಿನಿಂದ ಹ್ಯಾಕ್ಸಾ ಬ್ಲೇಡ್‌ನಲ್ಲಿ ಉದ್ದಕ್ಕೆ ಒಂದು ಸೀಳು ಹಾಕಿ. ಆರ್ಮ್‌ಗೆ ತಾಗುವ ಮುಂಚೆ ನಿಲ್ಲಿಸಿ, ಉಳಿಯಿಂದ ಒಳಕ್ಕೆ ಮಡಚಿದರೆ ಬರುತ್ತದೆ. ಕಣ್ಣನ್ನು ಎಮರಿ ಕಾಗದದಿಂದ ಉಜ್ಜಿ, ಒರೆಸಿ.

ಹೊಸ ಬುಷ್ ಒಳಗೆ ಜಾರಲು ಸೋಪಿನ ನೀರು ಸಾಕು. ಗ್ರೀಸ್, ಇಂಜಿನ್ ಆಯಿಲ್ ಹಚ್ಚಬೇಡಿ. ಅದಕ್ಕೆ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. ನೇರವಾಗಿ ಕೂರುತ್ತಿದೆಯಾ ಅಂತ ಮೊದಲ ಕೆಲವು ಮಿಲಿಮೀಟರ್‌ಗೇ ನಿಲ್ಲಿಸಿ ನೋಡಿ. ವಾರೆಯಾಗಿದ್ದರೆ ತೆಗೆದು ಮತ್ತೆ ಶುರು ಮಾಡಿ. ಆಗ ಕೊಟ್ಟ ಐದು ನಿಮಿಷ ಆಮೇಲೆ ಆರ್ಮ್ ಹಾಳಾಗುವುದನ್ನು ತಪ್ಪಿಸುತ್ತದೆ.

ಜೋಡಿಸುವುದು, ಮತ್ತು ಆ ಕೊನೆಯ ಬಿಗಿ

ಬಿಚ್ಚಿದ್ದರ ತಿರುಗುಮುರುಗು ಜೋಡಿಸಿ. ಬೋಲ್ಟ್‌ನ ಸಾದಾ ಭಾಗಕ್ಕೆ ಮಾತ್ರ ತೆಳ್ಳಗೆ ಗ್ರೀಸ್ ಸವರಿದರೆ ಮುಂದಿನ ಸಲ ಕಚ್ಚಿಕೊಳ್ಳುವುದಿಲ್ಲ. ಥ್ರೆಡ್ ಮೇಲೆ, ರಬ್ಬರ್ ಮೇಲೆ ಬೇಡ. ಬಾಲ್ ಜಾಯಿಂಟ್‌ನ ನಟ್ಟನ್ನು ಈಗಲೇ ಪೂರ್ತಿ ಬಿಗಿ ಮಾಡಿ, ಹೊಸ ಸ್ಪ್ಲಿಟ್ ಪಿನ್ ಹಾಕಿ. ತೂತು ಸರಿ ಹೊಂದದಿದ್ದರೆ ನಟ್ಟನ್ನು ಸ್ವಲ್ಪ ಮುಂದಕ್ಕೆ ಬಿಗಿ ಮಾಡಿ, ಹಿಂದಕ್ಕೆ ಸಡಿಲಿಸಬೇಡಿ. ಕ್ಯಾಮ್ ಬಿಲ್ಲೆಯನ್ನು ಪೇಂಟ್ ಗೆರೆಗೆ ಸೇರಿಸಿ. ಆದರೆ ಆರ್ಮ್ ಬುಷ್‌ಗಳ ಬೋಲ್ಟ್, ಶಾಕ್‌ನ ಕೆಳಗಿನ ಬೋಲ್ಟ್, ಇವು ಆಟ ಇಲ್ಲದಷ್ಟು ಮಾತ್ರ ಬಿಗಿಯಿರಲಿ. ಆರ್ಮ್ ಇನ್ನೂ ಕೊಳವೆ ಸಮೇತ ಬೋಲ್ಟ್ ಮೇಲೆ ತಿರುಗುವಂತಿರಬೇಕು.

ಚಕ್ರ ಹಾಕಿ, ಗಾಡಿ ಇಳಿಸಿ. ಮುಂದಿನ ಬಂಪರ್ ಮೇಲೆ ನಿಮ್ಮ ಭಾರ ಹಾಕಿ ಐದಾರು ಸಲ ಒತ್ತಿ ಬಿಡಿ. ಗಾಡಿಯನ್ನು ಎರಡು ಮೂರು ಮೀಟರ್ ಮುಂದೆ ಹಿಂದೆ ತಳ್ಳಿ. ಜಾಕ್‌ನಿಂದ ಇಳಿದಾಗ ಟೈರ್ ವಾರೆಯಾಗಿ ನಿಂತು ಮುಂಭಾಗ ಎತ್ತರದಲ್ಲೇ ಉಳಿದಿರುತ್ತದೆ, ತಳ್ಳಿದ ಮೇಲೆ ಸರಿಯಾಗಿ ಕೂರುತ್ತದೆ. ಈಗ ಟೇಪು ಹಿಡಿಯಿರಿ. ಚಾಕ್‌ಪೀಸ್‌ನಲ್ಲಿ ಬರೆದ ಅಳತೆಗೆ ಹತ್ತಿರ ಬಂದಿದೆಯಾ? ಬಂದಿದ್ದರೆ ಕೆಳಗೆ ನುಸುಳಿ ಎಲ್ಲ ಬುಷ್ ಬೋಲ್ಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿ. ಸರಿಯಾದ ಅಂಕಿ ನಿಮ್ಮ ಗಾಡಿಯ ರಿಪೇರಿ ಮ್ಯಾನುಯಲ್‌ನಲ್ಲಿ ಇರುತ್ತದೆ. ಈ ಗಾತ್ರದ ಪಿಕಪ್‌ಗಳಲ್ಲಿ ಆರ್ಮ್ ಬೋಲ್ಟ್‌ಗಳಿಗೆ ಸಾಮಾನ್ಯವಾಗಿ 100ರಿಂದ 200 ನ್ಯೂಟನ್ ಮೀಟರ್ ನಡುವೆ ಇರುತ್ತದೆ. ಅಂದಾಜಿಗೆ ಬಿಡುವಷ್ಟು ಸಣ್ಣ ಬಿಗಿ ಅಲ್ಲ.

ಚಕ್ರ ಇದ್ದಾಗ ಕೈ ಹೋಗದಿದ್ದರೆ ನಾಲ್ಕೂ ಚಕ್ರದ ಕೆಳಗೆ ಗಟ್ಟಿ ಮರದ ದಿಮ್ಮಿ ಕೊಟ್ಟು ಎತ್ತರಿಸಬಹುದು, ಅಥವಾ ಸರ್ವಿಸ್ ಗುಂಡಿ ಇರುವ ಕಡೆ ನಿಧಾನವಾಗಿ ಒಯ್ದು ಬಿಗಿ ಮಾಡಬಹುದು. ಇನ್ನೊಂದು ದಾರಿಯೂ ಇದೆ. ಚಾಸಿ ಸ್ಟ್ಯಾಂಡ್ ಮೇಲಿರುವಾಗಲೇ ಕೆಳಗಿನ ಆರ್ಮ್‌ಗೆ, ಬಾಲ್ ಜಾಯಿಂಟ್ ಹತ್ತಿರ, ಜಾಕ್ ಕೊಟ್ಟು ಹಬ್‌ನಿಂದ ಮಡ್‌ಗಾರ್ಡ್‌ಗೆ ಅದೇ ಅಳತೆ ಬರುವ ತನಕ ಎತ್ತಿ. ಚಾಸಿ ಸ್ಟ್ಯಾಂಡ್ ಬಿಟ್ಟು ಮೇಲೇಳುವ ಲಕ್ಷಣ ಕಂಡರೆ ತಕ್ಷಣ ನಿಲ್ಲಿಸಿ, ಇಳಿಸಿ, ಚಕ್ರ ಹಾಕಿಯೇ ಮಾಡಿ.

ಲೋಡ್ ಹಾಕಿ ಬಿಗಿ ಮಾಡಬೇಕಾ ಅಂತ ಹಲವರು ಕೇಳುತ್ತಾರೆ. ಬೇಡ. ಪಿಕಪ್‌ನಲ್ಲಿ ಮೂಟೆಯ ಭಾರ ಬಹುಪಾಲು ಹಿಂದಿನ ಆಕ್ಸಲ್ ಮೇಲೆ ಬೀಳುತ್ತದೆ, ಮುಂದಿನ ಎತ್ತರ ಅಷ್ಟೇನೂ ಬದಲಾಗುವುದಿಲ್ಲ. ಮ್ಯಾನುಯಲ್ ಬೇರೆ ಹೇಳದಿದ್ದರೆ ಖಾಲಿ ಗಾಡಿಯ ಎತ್ತರವೇ ಸರಿ.

ಪೇಂಟ್ ಗೆರೆಗೆ ಎಷ್ಟೇ ಸರಿಯಾಗಿ ಸೇರಿಸಿದ್ದರೂ ಅಲೈನ್‌ಮೆಂಟ್ ಮಾಡಿಸಲೇಬೇಕು. ಹಳೆ ಬುಷ್ ವಾಲಿದ್ದಾಗ ಹೊಂದಿಸಿದ ಗೆರೆ ಅದು, ಹೊಸ ಬುಷ್‌ಗೆ ಬೇರೆಯೇ ಬರುತ್ತದೆ. ಅಲೈನ್‌ಮೆಂಟ್ ಅಂಗಡಿಗೆ ಹೋಗುವ ತನಕ ನಿಧಾನವಾಗಿ, ಖಾಲಿ ಗಾಡಿ ಓಡಿಸಿ. ಅಲ್ಲಿ ಟೋ (ಚಕ್ರದ ಮುಂತುದಿ ಒಳಗೋ ಹೊರಗೋ ತಿರುಗಿರುವುದು) ಮಾತ್ರ ನೋಡಿ ಕಳಿಸಿದರೆ ಒಪ್ಪಬೇಡಿ, ಕ್ಯಾಂಬರ್ (ಚಕ್ರದ ತಲೆ ಒಳಗೋ ಹೊರಗೋ ವಾಲಿರುವುದು), ಕ್ಯಾಸ್ಟರ್ (ಸ್ಟೇರಿಂಗ್ ತಿರುಗುವ ಅಕ್ಷ ಹಿಂದೋ ಮುಂದೋ ವಾಲಿರುವುದು) ಕೂಡ ನೋಡಲು ಹೇಳಿ. ಅವರು ಕ್ಯಾಮ್ ಬೋಲ್ಟ್ ಸಡಿಲಿಸಿದರೆ ಮತ್ತೆ ಬಿಗಿ ಮಾಡುವಾಗ ಚಕ್ರಕ್ಕೆ ಭಾರ ಇದೆಯಾ ಅಂತ ಪಕ್ಕದಲ್ಲಿ ನಿಂತು ನೋಡಿ. ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಎಲ್ಲ ಆದ ಮೇಲೆ ಪ್ರತಿ ನಟ್‌ನಿಂದ ಪಕ್ಕದ ಕಿವಿಗೆ ಪೇಂಟ್‌ನಲ್ಲಿ ಹೊಸ ಗೆರೆ ಎಳೆಯಿರಿ. ಸುಮಾರು 500 ಕಿಲೋಮೀಟರ್ ಓಡಿಸಿ, ಕೆಳಗೆ ಟಾರ್ಚ್ ಬಿಟ್ಟು ನೋಡಿ. ಗೆರೆ ಮುರಿದಿದ್ದರೆ ನಟ್ ಸರಿದಿದೆ. ಗಾಡಿ ನೆಲದ ಮೇಲಿದ್ದಂತೆಯೇ ಮತ್ತೆ ಟಾರ್ಕ್ ರೆಂಚ್ ಹಾಕಿ.